ಸಾಬೀತಾದದ್ದು ಪಕ್ಕದ ಜಿಲ್ಲೆಯಲ್ಲಿ, ತಪಾಸಣೆಗೆ ನಾವೇ ಹಿಂದೆ

ಅಕ್ಕಲಕೋಟ: "ನನಗೇನ ಆಗೇದ? ನೋವಿಲ್ಲ, ಏನಿಲ್ಲ. ಸುಮ್ನ ಯಾಕ ತೋರಿಸ್ಕೋಬೇಕು?" ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಮಾತು ತೆಗೆದರೆ ನಮ್ಮ ಕಡೆ ಮನೆಮನೆಯಲ್ಲೂ ಬರುವ ಉತ್ತರ ಇದು. ಆದರೆ ಈ ತಪಾಸಣೆ ಇರೋದೇ ಏನೂ ಆಗದವರಿಗಾಗಿ. ಗರ್ಭಚೀಲದ ಬಾಯಿಗೆ ತಗಲುವ ಎಚ್‌ಪಿವಿ ವೈರಸ್ ಬಹಳಷ್ಟು ಮಂದಿಯಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಸಾಮಾನ್ಯವಾಗಿ 15-20 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಅಷ್ಟು ದಿನ ನೋವಿನ ಸುಳಿವೇ ಇರುವುದಿಲ್ಲ. ರಕ್ತ ಕಂಡು ದವಾಖಾನೆಗೆ ಓಡುವ ಹೊತ್ತಿಗೆ ಎಷ್ಟೋ ಸಲ ರೋಗ ಬಲಿತಿರುತ್ತದೆ.

ತಪಾಸಣೆಯಿಂದ ಜೀವ ಉಳಿಯುತ್ತದೆಂದು ಜಗತ್ತಿಗೆ ತೋರಿಸಿದವರು ಪಕ್ಕದ ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿ ಹೆಣ್ಮಕ್ಕಳು. ನಮ್ಮ ಸೋಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಸೇರಿ 1999ರಿಂದ 2003ರವರೆಗೆ ಅಲ್ಲಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಎಂಟು ವರ್ಷದ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿಗೆ ಸತ್ತವರು 34, ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. ಆ ಗುಂಪಿಗೆ ಯಾಕೆ ಪರೀಕ್ಷೆ ಮಾಡಲಿಲ್ಲ ಎಂಬ ತಕರಾರು ಮುಂದೆ ವೈದ್ಯರ ನಡುವೆಯೇ ಎದ್ದಿತು. ನ್ಯಾಯವಾದ ತಕರಾರೇ ಅದು.

ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ತಪಾಸಣೆ ಕಂಡವರು ಇಬ್ಬರೂ ಇಲ್ಲ.

ಹೆದರಿಕೆಗೇನೂ ಕಡಿಮೆ ಇಲ್ಲ. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಮಕ್ಕಳು ಸಾವಿರಗಟ್ಟಲೆ ಗರ್ಭಚೀಲ ತೆಗೆಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಬಿಳಿ ಹೋಗುತ್ತದೆಂದು ಹೋದವರಿಗೆ "ಕ್ಯಾನ್ಸರ್ ಆದೀತು" ಎಂಬ ಭಯ ಹಾಕಿದ್ದೂ ಅದರಲ್ಲಿ ಸೇರಿತ್ತು. ಚೀಲ ತೆಗೆಸುವ ಮಾತು ಬಂದಾಗ "ಮೊದಲು ತಪಾಸಣೆ ಆಗಲಿ" ಎನ್ನುವ ಧೈರ್ಯ ಮನೆಯವರಿಗೆ ಬೇಕು.

ಹೇಗೆ ಮಾಡ್ತಾರ?

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಗರ್ಭಚೀಲದ ಬಾಯಿಗೆ ಸಿರ್ಕಾದಂಥ ದ್ರಾವಣ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಕೊಯ್ಯುವುದಿಲ್ಲ, ಇಂಜೆಕ್ಷನ್ ಇಲ್ಲ. ಸ್ವಲ್ಪ ಕಿರಿಕಿರಿ ಆದೀತು, ಅಷ್ಟೇ. ಬಿಳಿ ಕಲೆ ಕಂಡರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದರ್ಥ. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಆ ಭಾಗವನ್ನಷ್ಟೇ ಸುಟ್ಟು ಇಲ್ಲವೇ ತಂಪುಗಟ್ಟಿಸಿ ಗುಣಮಾಡಬಹುದು. ಉಸ್ಮಾನಾಬಾದದಲ್ಲಿ ಒಂದೇ ಸಲದ ಸಿರ್ಕಾ ಪರೀಕ್ಷೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿದಾಗ ಸಾವು ಶೇ 31ರಷ್ಟು ಇಳಿಯಿತು. ಆದ್ದರಿಂದ ಒಮ್ಮೆ ಹೋಗಿ ಬಂದು ಮರೆಯುವ ಹಾಗಿಲ್ಲ.

"ನಂದು ಆಪರೇಷನ್ ಆಗೇದ", "ಮುಟ್ಟು ನಿಂತದ" ಎಂಬ ಸಬೂಬೂ ಇವೆ. ಸಂತಾನಹರಣ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ಮುಟ್ಟು ನಿಂತವರಿಗೂ ಈ ರೋಗ ಬರುತ್ತದೆ.

ನಮ್ಮಲ್ಲಿ ಭಾಷೆಯ ತೊಡಕೂ ಸೇರಿದೆ. ದವಾಖಾನೆಯ ಮರಾಠಿ ಫಲಕದಲ್ಲಿ "ಗರ್ಭಾಶಯ ಮುಖ ಕರ್ಕರೋಗ" ಎಂದಿದ್ದರೆ ನಮ್ಮ ಅತ್ತೆ, ಅವ್ವಂದಿರಿಗೆ ಅದು ಮುಖದ ರೋಗವೆಂದು ಕೇಳಿಸೀತು! ಇಲ್ಲಿ ಮುಖ ಎಂದರೆ ಬಾಯಿ, ಗರ್ಭಚೀಲದ ಬಾಯಿ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಮನೆಯಲ್ಲಿದ್ದರೆ ಅವಳೇ ಓದಿ ಹೇಳಲಿ. ಅವಳ ವಯಸ್ಸು 9ರಿಂದ 14 ಇದ್ದರೆ ಎಚ್‌ಪಿವಿ ಲಸಿಕೆಯನ್ನೂ ವಿಚಾರಿಸಿ.

ಹೋಗುವ ಮುಂಚೆ ಆಶಾ ತಾಯಿಯನ್ನು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡುತ್ತಾರೆ, ನೋಡುವವರು ನರ್ಸಬಾಯಿಯೋ ಡಾಕ್ಟರೋ ಎಂದು ತಿಳಿದುಕೊಳ್ಳಿ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಕೊಟ್ಟ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ಸಲ ಅದು ಬೇಕಾಗುತ್ತದೆ.