ಗಾಡಿಯ ಹೊಟ್ಟೆಯೊಳಗೆ ಕೂತ ತುಕ್ಕು

ಹಾಲಿನ ಕ್ಯಾನು ತೊಳೆದ ಮೇಲೆ ನೀವು ಏನು ಮಾಡುತ್ತೀರಿ? ಬೋರಲು ಹಾಕುತ್ತೀರಿ. ನೀರು ಬಸಿಯಲಿ, ಒಳಗೆ ಗಾಳಿಯಾಡಲಿ ಎಂದು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಿಮ್ಮ ಕೈಗೇ ಗೊತ್ತು. ಆದರೆ ಮನೆ ಮುಂದೆ ನಿಂತಿರುವ ಪಿಕಪ್ ಗಾಡಿಯನ್ನು ಬೋರಲು ಹಾಕಲು ಆಗುವುದಿಲ್ಲ. ಅದರ ಚಾಸಿಯೊಳಗೆ ಹೊಕ್ಕ ನೀರು, ಸಗಣಿ, ಗೊಬ್ಬರದ ಪುಡಿ ಅಲ್ಲೇ ಕೂತು ವರ್ಷಗಟ್ಟಲೆ ಕಬ್ಬಿಣವನ್ನು ತಿನ್ನುತ್ತವೆ. ಹೊರಗೆ ಮಾತ್ರ ಕಪ್ಪು ಬಣ್ಣ ಮಿಂಚುತ್ತಿರುತ್ತದೆ.

ಇದು ಡ್ರೈವರ್ ನೋಡಿಕೊಳ್ಳುವ ವಿಷಯ ಎಂದು ಪುಟ ತಿರುಗಿಸಬೇಡಿ. ಎಷ್ಟೋ ಮನೆಗಳಲ್ಲಿ ಗಾಡಿಯ ಕಂತು ಹಾಲಿನ ಬಿಲ್ಲಿನಿಂದಲೇ ಹೋಗುತ್ತದೆ, ಸಾಲದ ಕಾಗದಕ್ಕೆ ನೀವೂ ಸಹಿ ಹಾಕಿರುತ್ತೀರಿ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಸೆಕೆಂಡ್ ಹ್ಯಾಂಡ್ ಗಾಡಿ, ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಅದನ್ನು ನೋಡಿಯೇ ಮೆಚ್ಚಿ ಕೊಂಡೆವು. ಎರಡನೆಯ ಮಳೆಗಾಲದಲ್ಲಿ ಮೇವು ತುಂಬಿಕೊಂಡು ಹಳ್ಳ ಹತ್ತುವಾಗ ಅಡಿಯಲ್ಲಿ ಟಕ್ ಎಂದಿತು. ಇಳಿದು ನೋಡಿದರೆ ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಗ್ಯಾರೇಜಿನಲ್ಲಿ ಬಾಡಿ ಎತ್ತಿದಾಗ ಚಾಸಿಯೊಳಗಿನಿಂದ ಎರಡು ಬಾಂಡ್ಲಿ ಕೊಳಕು ಬಿತ್ತು. ಒಣಗಿದ ಸಗಣಿ, ಜೋಳದ ಎಲೆಯ ಚೂರು, ಜೊತೆಗೆ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದ ತುಕ್ಕು. ಆ ಹಪ್ಪಳಗಳೇ ಒಂದು ಕಾಲಕ್ಕೆ ನಮ್ಮ ಗಾಡಿಯ ಚಾಸಿ. ಅವತ್ತು ಹಿಂದೆ ಮೇವಿನ ಮೇಲೆ ಮೂವರು ಹೆಂಗಸರು ಕೂತಿದ್ದರು. ಗಾಡಿ ನಿಧಾನಕ್ಕೆ ಹೋಗುತ್ತಿದ್ದುದರಿಂದ ಉಳಿದರು.

ಚಾಸಿ ಅಂದರೆ ಗಾಡಿಯ ಉದ್ದಕ್ಕೂ ಅಡಿಯಲ್ಲಿ ಹಾಯ್ದಿರುವ ಎರಡು ಉಕ್ಕಿನ ತೊಲೆಗಳು, ಅವುಗಳ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡಪಟ್ಟಿಗಳು. ಎಂಜಿನ್, ಬಾಡಿ, ಹೊರೆ ಎಲ್ಲವೂ ಅದರ ಮೇಲೆ. ದೊಡ್ಡ ಲಾರಿಗಳಲ್ಲಿ ಈ ತೊಲೆ ಸಾಮಾನ್ಯವಾಗಿ ಒಂದು ಬದಿ ತೆರೆದ ಚಾನೆಲ್. ಕೈ ಹಾಕಿ ಒರೆಸಬಹುದು, ಕಣ್ಣಿಗೂ ಕಾಣುತ್ತದೆ. ಸಣ್ಣ ಪಿಕಪ್‌ಗಳಲ್ಲಿ ಹಲವು ಕಡೆ ಅದು ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆ. ಪಕ್ಕದಲ್ಲಿ, ಅಡಿಯಲ್ಲಿ ಅಲ್ಲಲ್ಲಿ ತೂತುಗಳಿರುತ್ತವೆ. ಅಡಿಯ ತೂತು ಇರುವುದು ನೀರು ಬಸಿಯಲಿ ಎಂದೇ. ಆದರೆ ಚಕ್ರ ಎರಚಿದ ಕೆಸರು ಪಕ್ಕದ ತೂತಿನಿಂದ ಒಳಗೆ ಹೋಗಿ ಅಡಿಯ ತೂತನ್ನು ಮುಚ್ಚುತ್ತದೆ. ಅಲ್ಲಿಂದ ಒಳಗೆ ಹೋದದ್ದಕ್ಕೆ ಹೊರಬರುವ ದಾರಿಯಿಲ್ಲ.

ಬರೀ ನೀರಿಗಿಂತ ನಾವು ಹೈನುಗಾರರು ಸಾಗಿಸುವ ಸಾಮಾನು ಕಬ್ಬಿಣಕ್ಕೆ ಹೆಚ್ಚು ಶತ್ರು. ಗಂಜಲದಲ್ಲಿ ಉಪ್ಪಿದೆ, ಕೊಳೆತಾಗ ಅಮೋನಿಯಾ ಬರುತ್ತದೆ. ಚೆಲ್ಲಿದ ಹಾಲು ಹುಳಿಯಾಗುತ್ತದೆ. ರಸಮೇವಿನಿಂದ, ಅಂದರೆ ಸೈಲೇಜಿನಿಂದ, ಸೋರುವ ನೀರೂ ಹುಳಿಯೇ. ಖನಿಜ ಮಿಶ್ರಣ, ನೆಕ್ಕುವ ಉಪ್ಪಿನ ಗಟ್ಟಿಯ ವಿಷಯ ಹೇಳಲೇಬೇಕಾಗಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಎಂಒಪಿ ಎನ್ನುವ ಕೆಂಪು ಪೊಟ್ಯಾಷ್ ಗೊಬ್ಬರ. ಅದೂ ಒಂದು ಕ್ಲೋರೈಡ್, ಅಡುಗೆ ಉಪ್ಪಿನ ಒಡಹುಟ್ಟು. ಹರಿದ ಚೀಲದಿಂದ ಸುರಿದ ಒಂದು ಹಿಡಿ ಪೊಟ್ಯಾಷ್ ಚಾಸಿಯೊಳಗೆ ಇಳಿದರೆ ಗಾಳಿಯ ತೇವವನ್ನೇ ಎಳೆದುಕೊಂಡು ಕಬ್ಬಿಣವನ್ನು ಒದ್ದೆಯಾಗಿಡುತ್ತದೆ. ಕರಾವಳಿಯ ಕಡೆಯವರಿಗೆ ಇದರ ಮೇಲೆ ಸಮುದ್ರದ ಉಪ್ಪುಗಾಳಿಯೂ ಇದೆ.

ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ, ಅದರಿಂದ ಗಾಡಿಗಳ ಚಾಸಿ ಬೇಗ ಹಾಳಾಗುತ್ತದೆ. ಅಮೆರಿಕದಲ್ಲಿ ಟೊಯೊಟಾ ಕಂಪನಿಯ ಕೆಲವು ಪಿಕಪ್ ಮಾದರಿಗಳಿಗೆ ತುಕ್ಕಿನ ರಕ್ಷಣೆ ಸಾಲದು ಎಂದು ಗಿರಾಕಿಗಳು ಕೋರ್ಟಿಗೆ ಹೋದರು. 2016ರಲ್ಲಿ ಕಂಪನಿ ತಪ್ಪೊಪ್ಪದೆ ರಾಜಿಯಾಗಿ, ಸುಮಾರು 15 ಲಕ್ಷ ಗಾಡಿಗಳನ್ನು ಪರೀಕ್ಷಿಸಿ, ಚಾಸಿ ತೂತು ಬಿದ್ದಿದ್ದರೆ ಬದಲಿಸಿಕೊಡಲು ಒಪ್ಪಿತು. ನಮಗೆ ಹಾಗೆ ಬದಲಿಸಿಕೊಡುವವರು ಯಾರಿದ್ದಾರೆ? ನಮ್ಮ ಚಾಸಿ ನಾವೇ ನೋಡಿಕೊಳ್ಳಬೇಕು.

ಮೊದಲು ಪರೀಕ್ಷೆ. ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂ ಡ್ರೈವರ್, ಟಾರ್ಚ್ ಇರುವ ಮೊಬೈಲ್ ಸಾಕು. ತೊಲೆಯನ್ನು ಮುಂದಿನಿಂದ ಹಿಂದಿನವರೆಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆಯ ಕಡೆ ಟಣ್ ಎನ್ನುತ್ತದೆ, ತುಕ್ಕು ತಿಂದ ಕಡೆ ಒಡೆದ ಮಡಕೆಯ ಸದ್ದು. ಹಾಗೆ ಕೇಳಿದಲ್ಲಿ ಸ್ಕ್ರೂ ಡ್ರೈವರ್ ಒತ್ತಿ ನೋಡಿ, ಒಳಗಿಳಿದರೆ ಅಲ್ಲಿ ಕಬ್ಬಿಣ ಉಳಿದಿಲ್ಲ ಎಂದರ್ಥ. ಪಕ್ಕದ ತೂತಿಗೆ ಮೊಬೈಲ್ ಹಿಡಿದು ಟಾರ್ಚ್ ಹಾಕಿ ವಿಡಿಯೋ ತೆಗೆದರೆ ಒಳಗಿನ ಸ್ಥಿತಿ ಕಾಣುತ್ತದೆ. ಮುಖ್ಯವಾಗಿ ನೋಡಬೇಕಾದ ಜಾಗ ಹಿಂದಿನ ಚಕ್ರದ ಮೇಲೆ ತೊಲೆ ಬಾಗಿರುವಲ್ಲಿ, ಕಮಾನು ಪಟ್ಟಿ ಕೂತಿರುವಲ್ಲಿ, ಕ್ಯಾಬಿನ್ನಿನ ಹಿಂದೆ, ಎರಡು ಪ್ಲೇಟುಗಳು ಒಂದರ ಮೇಲೊಂದು ಸೇರಿರುವಲ್ಲಿ. ಬಾಡಿಗೂ ಚಾಸಿಗೂ ನಡುವೆ ಮರದ ಪಟ್ಟಿ ಇಟ್ಟಿದ್ದರೆ ಅದರ ಅಡಿಯನ್ನೂ ಬಿಡಬೇಡಿ, ಒದ್ದೆ ಮರ ಒದ್ದೆ ಗೋಣಿಚೀಲದ ಹಾಗೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಎರಡು ಪ್ಲೇಟುಗಳ ನಡುವೆ ಸಂದು ಬಿಟ್ಟು ಉಬ್ಬಿದ್ದರೆ ಒಳಗೆ ತುಕ್ಕು ಬೆಳೆಯುತ್ತಿದೆ ಎಂದೇ ತಿಳಿಯಿರಿ.

ತೂತು ಬಿದ್ದಿದ್ದರೆ, ಬಿರುಕು ಕಂಡರೆ ಗಾಡಿಗೆ ಹೊರೆ ಹಾಕಬೇಡಿ, ಚಾಸಿ ಕೆಲಸ ಬಲ್ಲ ಗ್ಯಾರೇಜಿಗೆ ಒಯ್ಯಿರಿ. ತೂತಿನ ಮೇಲೆ ಒಂದು ತಗಡಿಟ್ಟು ವೆಲ್ಡ್ ಮಾಡಿ ಬಣ್ಣ ಬಳಿಯುವುದು ಹರಿದ ಸೀರೆಗೆ ಹರಿದ ಬಟ್ಟೆಯ ತೇಪೆ ಹಾಕಿದಂತೆ. ಸುತ್ತಲಿನ ಕಬ್ಬಿಣವೇ ತೆಳುವಾಗಿರುತ್ತದೆ, ವೆಲ್ಡಿಂಗಿನ ಶಾಖ ಒಳಗಡೆ ಉಳಿದಿದ್ದ ಅಷ್ಟಿಷ್ಟು ಬಣ್ಣವನ್ನೂ ಸುಟ್ಟುಬಿಡುತ್ತದೆ. ವೆಲ್ಡಿಂಗ್ ಬೇಕೇ ಆದರೆ ಅದು ಮೊದಲು, ಎಣ್ಣೆ ಹೊಡೆಸುವುದು ಆಮೇಲೆ. ಎಣ್ಣೆ ಹೊಕ್ಕ ಪೆಟ್ಟಿಗೆಗೆ ವೆಲ್ಡಿಂಗ್ ಕಿಡಿ ತಾಗಿದರೆ ಬೆಂಕಿ ಹಿಡಿಯಬಹುದು.

ಮೇಲುಮೇಲಿನ ತುಕ್ಕು ಮಾತ್ರವಿದ್ದರೆ ಕೆಲಸ ಮನೆಯಲ್ಲೇ ಆಗುತ್ತದೆ. ಯುಗಾದಿ ಕಳೆದು ಮುಂಗಾರು ಬರುವ ಮೊದಲಿನ ದಿನಗಳು ಇದಕ್ಕೆ ಸರಿ, ಬಿಸಿಲಿಗೆ ಕಬ್ಬಿಣ ಒಳಗೂ ಒಣಗುತ್ತದೆ. ಗಾಡಿಯನ್ನು ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿಯ ಮೇಲೆ ಎತ್ತಿದ ಗಾಡಿಯ ಅಡಿಗೆ ಯಾರೂ ಹೋಗಬಾರದು, ಒಂದು ನಿಮಿಷಕ್ಕೂ ಬೇಡ. ಅಡಿಯ ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿ. ಒಳಗೆ ತೊಳೆಯಲು ಹೊಲದಲ್ಲಿರುವ ಹಳೆಯ ಡ್ರಿಪ್ ಪೈಪು ಬಹಳ ಚೆನ್ನಾಗಿ ಒದಗುತ್ತದೆ. ಒಂದು ತುದಿ ಮಡಚಿ ಕಟ್ಟಿ, ಆ ತುದಿಯ ಹತ್ತಿರ ಸುತ್ತಲೂ ಸಣ್ಣ ತೂತು ಮಾಡಿ, ಇನ್ನೊಂದು ತುದಿಯನ್ನು ಮೋಟರಿನ ನೀರಿಗೆ ಜೋಡಿಸಿ ತೊಲೆಯೊಳಗೆ ತೂರಿಸಿ. ಹಿಂದೆ ಮುಂದೆ ಎಳೆಯುತ್ತಾ ಇರಿ. ಮೊದಲು ಕಪ್ಪು ನೀರು ಬರುತ್ತದೆ, ಆಮೇಲೆ ಇಟ್ಟಿಗೆ ಬಣ್ಣದ್ದು. ತಿಳಿನೀರು ಬರುವವರೆಗೆ ಬಿಡಬೇಡಿ. ತೊಲೆಯ ಪಕ್ಕದಲ್ಲೇ ಬ್ರೇಕ್ ಪೈಪು, ವೈರುಗಳು ಹಾದಿರುತ್ತವೆ, ಅವಕ್ಕೆ ಬ್ರಷ್ ತಾಗದಂತೆ ನೋಡಿಕೊಳ್ಳಿ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಗ್ಯಾರೇಜಿನವರು ಇದನ್ನು ಯೋಚಿಸುವುದಿಲ್ಲ, ಹಸು ಕಟ್ಟಿದ ನಾವು ಯೋಚಿಸಬೇಕು. ತುಕ್ಕು ಕೆರೆಯುವ ಕೆಲಸ ಕೊಟ್ಟಿಗೆಯ ಹತ್ತಿರ, ಮೇವು ಹಾಕುವ ಜಾಗದಲ್ಲಿ ಖಂಡಿತ ಬೇಡ. ತಂತಿ ಬ್ರಷ್ಷಿನಿಂದ ಉದುರುವ ಎಳೆಗಳು ಸೂಜಿಯಂತಿರುತ್ತವೆ. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ನುಂಗಿದ ತಂತಿ ಅದರ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ತಂತಿ ಅದನ್ನು ಚುಚ್ಚಿಕೊಂಡು ಹೃದಯದ ಕಡೆಗೆ ಹೋದರೆ ಹಸು ಉಳಿಯುವುದು ಕಷ್ಟ. ಇದ್ದಕ್ಕಿದ್ದಂತೆ ಮೇವು ಬಿಟ್ಟು ಹಾಲು ಇಳಿಸಿದರೆ, ಮುಂಗಾಲಿನ ಮೊಣಕೈ ಹೊರಗೆ ಮಾಡಿ ನಿಂತರೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿದರೆ, ಗಂಗೆದೊಗಲಿನಲ್ಲಿ ನೀರು ತುಂಬಿದಂತೆ ಊತ ಬಂದರೆ ತಡಮಾಡದೆ ಡಾಕ್ಟರನ್ನು ಕರೆಸಿ. ಕೆರೆಯುವಾಗ ಅಡಿಗೆ ಟಾರ್ಪಾಲು ಹಾಸಿ, ಮುಗಿದ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆದಾಡಿ. ಅದಕ್ಕೆ ಎಷ್ಟು ಮೊಳೆ, ತಂತಿ ಅಂಟಿಕೊಂಡು ಬರುತ್ತದೆ ಎಂದು ನೋಡಿದರೆ ನಿಮಗೇ ಗಾಬರಿಯಾಗುತ್ತದೆ.

ಇನ್ನು ಎಣ್ಣೆಯ ಮಾತು. ತೊಳೆದ ಮೇಲೆ ಕಂಪ್ರೆಸರ್ ಗಾಳಿ ಹೊಡೆಸಿ, ಎರಡು ಮೂರು ದಿನ ಬಿಸಿಲಿಗೆ ನಿಲ್ಲಿಸಿ. ಒದ್ದೆಯ ಮೇಲೆ ಎಣ್ಣೆ ಬಳಿದರೆ ನೀರನ್ನು ಒಳಗೇ ಮುಚ್ಚಿಟ್ಟಂತೆ. ವಾಟರ್ ಸರ್ವಿಸ್ ಅಂಗಡಿಗಳಲ್ಲಿ ವೇಸ್ಟ್ ಆಯಿಲ್ ಹೊಡೆಯುವ ಅಭ್ಯಾಸವಿದೆ. ಅಗ್ಗ ನಿಜ, ಆದರೆ ಹೈನುಗಾರರ ಮನೆಗೆ ಅದು ಬೇಡ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಓಡಿ ಸವೆದ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ, ಎಂಜಿನ್ ಸವೆದ ಲೋಹದ ಕಣಗಳಿರುತ್ತವೆ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಅಂಗಳದಲ್ಲಿ ತೊಟ್ಟಿಕ್ಕುತ್ತದೆ. ಹಸುವಿಗೆ ನೆಕ್ಕುವ ಚಟ. ವೇಸ್ಟ್ ಆಯಿಲ್, ಹಳೆ ಬ್ಯಾಟರಿ, ಸೀಸವಿರುವ ಹಳೆಯ ಬಣ್ಣ ನೆಕ್ಕಿ ದನಗಳಿಗೆ ಸೀಸದ ವಿಷವೇರುವುದು ಪಶುವೈದ್ಯರಿಗೆ ಹೊಸ ಸಂಗತಿಯಲ್ಲ. ಹಾಲಂತೂ ಪಕ್ಕದಲ್ಲಿರುವ ವಾಸನೆಯನ್ನು ಹೀರಿಕೊಳ್ಳುವ ಪದಾರ್ಥ. ಗಬ್ಬುನಾತದ ಎಣ್ಣೆ ಬಳಿದ ಗಾಡಿಯಲ್ಲಿ ಕ್ಯಾನು ಹೇಗೆ ಇಡುತ್ತೀರಿ?

ಅದರ ಬದಲು ಪೆಟ್ಟಿಗೆಯ ಒಳಗೆ ಹೊಡೆಯಲೆಂದೇ ಮಾಡಿದ ಮೇಣದ ದ್ರವ ಸಿಗುತ್ತದೆ, ಕ್ಯಾವಿಟಿ ವ್ಯಾಕ್ಸ್ ಎಂದು ಕೇಳಿ. ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ ತುಕ್ಕು ನಿರೋಧಕವೂ ಇದೆ. ಉದ್ದ ನಳಿಕೆ ಜೋಡಿಸಿ ಸ್ಪ್ರೇ ಮಾಡಿದರೆ ಸಂದುಗಳೊಳಗೆ ಹರಿದು ಹಿಡಿಯುತ್ತದೆ. ಒಳಗಡೆಗೆ ಬಣ್ಣಕ್ಕಿಂತ ಮೇಣವೇ ಮೇಲು, ಸಡಿಲ ತುಕ್ಕಿನ ಮೇಲೆ ಕೂತ ಬಣ್ಣ ತುಕ್ಕಿನ ಜೊತೆಗೇ ಕಳಚಿ ಬೀಳುತ್ತದೆ. ಕೈ ಎಟಕುವ ಹೊರಭಾಗಕ್ಕೆ ಕೆರೆದು, ರಸ್ಟ್ ಕನ್ವರ್ಟರ್ ಹಚ್ಚಿ, ಅದು ಕಪ್ಪಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಕೆಲಸ ಮುಗಿದಾಗ ಅಡಿಯ ತೂತುಗಳನ್ನು ಮತ್ತೊಮ್ಮೆ ಚುಚ್ಚಿ ನೋಡಿ, ಮೇಣ ಅವನ್ನೇ ಮುಚ್ಚಿರಬಾರದು.

ದಿನನಿತ್ಯದ ಜಾಗ್ರತೆ ಸಣ್ಣದು. ಗೊಬ್ಬರ, ಖನಿಜ ಮಿಶ್ರಣ ಚೆಲ್ಲಿದ್ದರೆ ಮೊದಲು ಒಣ ಪೊರಕೆಯಲ್ಲಿ ಗುಡಿಸಿ ತೆಗೆದು ಆಮೇಲೆ ನೀರು ಹಾಕಿ. ಮೊದಲೇ ನೀರು ಹಾಕಿದರೆ ಕರಗಿ ನೇರ ಚಾಸಿಗೆ ಇಳಿಯುತ್ತದೆ. ತಿಪ್ಪೆಗೊಬ್ಬರ ಹೊಡೆದ ದಿನ ಸಂಜೆಯೇ ಅಡಿಗೂ ನೀರು ಹೊಡೆಯಿರಿ. ಆಯುಧಪೂಜೆಗೆ ಹೇಗೂ ಗಾಡಿ ತೊಳೆದು ವಿಭೂತಿ ಬಳಿದು ಬೂದುಗುಂಬಳ ಒಡೆಯುತ್ತೀರಿ. ಅವತ್ತು ಮಳೆಗಾಲದ ಕೆಸರೆಲ್ಲ ಚಾಸಿಯಲ್ಲಿ ಕೂತಿರುತ್ತದೆ, ಡ್ರಿಪ್ ಪೈಪನ್ನೂ ಹೊರತೆಗೆಯಿರಿ.

ಚಾಸಿ ನಂಬರ್ ಕೊರೆದಿರುವ ಜಾಗವನ್ನು ಮಾತ್ರ ತಂತಿ ಬ್ರಷ್ಷಿನಿಂದಲೂ ಗ್ರೈಂಡರ್‌ನಿಂದಲೂ ಮುಟ್ಟಬೇಡಿ, ಮೇಲೆ ದಪ್ಪ ಬಣ್ಣವನ್ನೂ ಬಳಿಯಬೇಡಿ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಆಗಬೇಕು. ನಂಬರ್ ಅಳಿಸಿಹೋಗಿದ್ದರೆ ಎಫ್‌ಸಿಯಲ್ಲೂ ತೊಂದರೆ, ಮಾರುವಾಗಲೂ ತೊಂದರೆ. ಬಟ್ಟೆಯಿಂದ ಒರೆಸಿ ಸ್ವಲ್ಪ ಗ್ರೀಸ್ ಹಚ್ಚಿಟ್ಟರೆ ಸಾಕು. ಹಳೆ ಗಾಡಿ ಕೊಳ್ಳಲು ಹೊರಟರೆ ಮನೆಯವರ ಜೊತೆ ನೀವೂ ಹೋಗಿ, ಸುತ್ತಿಗೆ ಬ್ಯಾಗಿನಲ್ಲಿರಲಿ. ಅಡಿಗೆಲ್ಲ ಹೊಸ ಕಪ್ಪು ಬಣ್ಣ ಕಂಡರೆ ಬೆಲೆ ಮಾತಾಡುವ ಮೊದಲು ತಟ್ಟಿ ನೋಡುತ್ತೇವೆ ಎನ್ನಿ. ತಟ್ಟಲು ಬಿಡದವರ ಗಾಡಿಗೆ ಮುಂಗಡ ಕೊಡಬೇಡಿ.