ಅಕ್ಕಿ ಹೋದ ದಾರಿಯಲ್ಲಿ ಮಸ್ಕತ್

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ನಾಲ್ಕೈದು ಗೆಳೆಯರು ಸೇರಿ ಮಸ್ಕತ್ ನೋಡಲು ಹೊರಟರೆ ಎಲ್ಲರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ: ಸುಲ್ತಾನ್ ಖಾಬೂಸ್ ಮಸೀದಿ, ಅಲ್ ಆಲಂ ಅರಮನೆಯೆದುರು ಫೋಟೊ, ಒಂದು ಮಾಲ್, ಸಂಜೆಗೆ ಬೀಚು. ಎರಡೂ ದಿನ ಕಾರಿನಲ್ಲೇ ಕಳೆದುಹೋಗುತ್ತವೆ. ಇತರ ಧರ್ಮದವರಿಗೆ ಮಸೀದಿ ಶುಕ್ರವಾರ ತೆರೆದಿರುವುದಿಲ್ಲ, ಅದು ಶನಿವಾರ ಬೆಳಗಿನ ಕೆಲಸ. ಶುಕ್ರವಾರವನ್ನು ಇಡಿಯಾಗಿ ಮತ್ರಾ ಮತ್ತು ಹಳೆ ಮಸ್ಕತ್ತಿನ ಬಂದರುಗಳಿಗೆ, ಅದೂ ಕಾಲ್ನಡಿಗೆಗೆ ಮೀಸಲಿಡಬೇಕು ಎನ್ನುವುದು ನನ್ನ ವಾದ. ಕನ್ನಡ ಕರಾವಳಿಯ ಚರಿತ್ರೆಯಲ್ಲಿ ಒಂದು ದೊಡ್ಡ ಪಾಲು ಆ ದಡದಲ್ಲಿ ನಡೆದಿದೆ.

ಬಂದರಿನ ಸುತ್ತ ಕಣ್ಣು ಹಾಯಿಸಿದರೆ ಕಾರಣ ತಾನೇ ಹೊಳೆಯುತ್ತದೆ. ನೀರಿನಂಚಿಗೇ ಬಂದು ನಿಂತ ಕಂದು ಬಣ್ಣದ ಬೋಳು ಬಂಡೆಗಳು. ಹಿಡಿ ಭತ್ತ ಬೆಳೆಯುವ ಜಾಗವಿಲ್ಲ, ಮಳೆಯಂತೂ ಹೆಸರಿಗಷ್ಟೇ. ಇಂಥ ಊರು ಉಣ್ಣಬೇಕಾದರೆ ಅಕ್ಕಿ ಕಡಲಾಚೆಯಿಂದ ಬರಬೇಕು, ಬರುತ್ತಿದ್ದುದು ಬಸರೂರು, ಹೊನ್ನಾವರ, ಮಂಗಳೂರುಗಳಿಂದ. ಅತ್ತಣಿಂದ ಖರ್ಜೂರ, ಕುದುರೆ. 1507ರಲ್ಲಿ ಮಸ್ಕತ್ ಹಿಡಿದ ಪೋರ್ಚುಗೀಸರು ಹಳೆ ಬಂದರಿನ ಎರಡು ಬದಿಯ ಬಂಡೆಗಳ ಮೇಲೆ 1580ರ ದಶಕದಲ್ಲಿ ಕಟ್ಟಿದ ಜಲಾಲಿ, ಮೀರಾನಿ ಕೋಟೆಗಳು ಇಂದಿಗೂ ಕಾವಲು ನಿಂತಂತಿವೆ. ಅವರ ಕೋಟೆಗಳ ಸಿಪಾಯಿಗಳಿಗೆ ನಮ್ಮ ಅಕ್ಕಿಯೇ ಆಧಾರವಾಗಿತ್ತು. 1650ರ ಜನವರಿಯಲ್ಲಿ ಒಮಾನಿಗಳು ಮಸ್ಕತ್ತನ್ನು ಕಿತ್ತುಕೊಂಡರು. ಅದರ ಬೆನ್ನಿಗೇ ಕೆಳದಿಯ ಶಿವಪ್ಪ ನಾಯಕ ನಮ್ಮ ಬಂದರುಗಳಿಂದ ಪೋರ್ಚುಗೀಸರನ್ನು ಓಡಿಸಿದ. ಶಾಲೆಯ ಪಾಠದಲ್ಲಿ ಎರಡನೆಯದು ಮಾತ್ರ ಇದೆ, ಮೊದಲನೆಯದು ಇಲ್ಲ. ಒಂದೇ ಕಡಲಿನ ಎರಡು ದಡಗಳಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ನಡೆದ ಸಂಗತಿಗಳಿವು. ಮುಂದೆ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ಇಟ್ಟ. ಇಲ್ಲಿಂದ ಅಕ್ಕಿ, ಮೆಣಸು, ಗಂಧ ಹೋದವು; ಅಲ್ಲಿನ ತನ್ನ ಗುಮಾಸ್ತನಿಗೆ ಬರೆದ ಪತ್ರಗಳಲ್ಲಿ ಅವನು ರೇಷ್ಮೆ ಹುಳುಗಳನ್ನೂ ಸಾಕುವುದು ಬಲ್ಲ ಆಳುಗಳನ್ನೂ ಕಳಿಸಲು ಹೇಳಿದ್ದ. 1786ರಲ್ಲಿ ಇಸ್ತಾಂಬುಲ್‌ಗೆ ಹೊರಟ ಅವನ ರಾಯಭಾರಿಗಳೂ ಗೋಕರ್ಣದ ಬಳಿಯ ತದಡಿಯಿಂದ ಹಡಗು ಹತ್ತಿ ಮೊದಲು ಮಸ್ಕತ್ತಿಗೇ ಹೋದರು.

ಅಲ್ಲಿ ಕನ್ನಡದ ಒಂದು ಅಕ್ಷರವೂ ಕಾಣುವುದಿಲ್ಲ, ಕಾಣದ್ದನ್ನು ಹುಡುಕಿ ರಜೆ ಹಾಳುಮಾಡಿಕೊಳ್ಳುವುದೇಕೆ ಎಂದು ಕೇಳಬಹುದು. ವ್ಯಾಪಾರ ಮಾಡಿದವರು ಅರಬರು, ಗುಜರಾತಿನ ಭಾಟಿಯಾಗಳು, ಕನ್ನಡಿಗರೆಲ್ಲಿ ಎಂಬ ಪ್ರಶ್ನೆ ಇನ್ನೂ ಗಟ್ಟಿ. ಹಡಗು ಅವರದು, ಲಾಭದ ದೊಡ್ಡ ಪಾಲೂ ಅವರದು, ಒಪ್ಪೋಣ. ಆದರೆ ಗದ್ದೆ ಉತ್ತವರು, ಸುಂಕ ಎತ್ತಿದವರು, ಆ ಸುಂಕದಿಂದ ರಾಜ್ಯ ನಡೆಸಿದವರು ಇಲ್ಲಿಯವರು. ಲೆಕ್ಕಪುಸ್ತಕದಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅವರನ್ನು ಕೈಬಿಟ್ಟರೆ ಜಗತ್ತಿನ ಯಾವ ಬಂದರಿನಲ್ಲೂ ರೈತನಿಗೆ ಜಾಗ ಸಿಗದು. ಇನ್ನು ಗುರುತು ಏನೂ ಇಲ್ಲವೆನ್ನುವಂತೆಯೂ ಇಲ್ಲ. ಬಂದರಿನ ಬಂಡೆಗಳ ಮೇಲೆ, ಬಂದುಹೋದ ಹಡಗುಗಳ ಹೆಸರನ್ನು ನಾವಿಕರು ಬಿಳಿ ಬಣ್ಣದಲ್ಲಿ ಬರೆದು ಹೋಗುತ್ತಿದ್ದರು. ಅರಮನೆಯ ಸಮೀಪದಲ್ಲೇ ಮೋತೀಶ್ವರ ಶಿವಾಲಯವಿದೆ. ಮತ್ರಾದ ಮೀನು ಮಾರುಕಟ್ಟೆಯಲ್ಲಿ ಮಂಗಳೂರಿನ ಅಂಜಲ್ 'ಕನಾದ್' ಎಂಬ ಹೆಸರಿನಲ್ಲಿ ಮಲಗಿರುತ್ತದೆ.

ಬಿಸಿಲಿನ ಆಕ್ಷೇಪವನ್ನು ಮಾತ್ರ ಪೂರ್ತಿ ಒಪ್ಪಬೇಕು. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅಲ್ಲಿ ನಡೆಯುವುದು ಹುಚ್ಚುತನ. ನವೆಂಬರಿನಿಂದ ಫೆಬ್ರವರಿ ಸುಖ, ಹಿಂದೆ ಹಾಯಿ ಬಿಚ್ಚಿ ಹಡಗುಗಳು ಓಡಾಡುತ್ತಿದ್ದುದೂ ಮಳೆಗಾಲ ಕಳೆದ ಮೇಲೆಯೇ. ಶುಕ್ರವಾರ ಬೆಳಿಗ್ಗೆ ಮತ್ರಾ ಸೂಕಿನ ಅಂಗಡಿಗಳು ಮುಚ್ಚಿರುವುದರಿಂದ ಆ ಹೊತ್ತನ್ನು ಮೀನಿಗೂ ಕಡಲ ದಂಡೆಗೂ ಕೊಟ್ಟು, ಸಂಜೆ ಲೋಬಾನದ ಹೊಗೆಯ ನಡುವೆ ಓಣಿಗಳಿಗೆ ಇಳಿಯಬಹುದು. ಅಂಗಡಿಯವನು ಚಿಲ್ಲರೆ ಕೊಟ್ಟಾಗ ನಾಣ್ಯವನ್ನು ನೋಡಿ: ಒಂದು ರಿಯಾಲಿಗೆ 1000 ಬೈಸಾ. ನಮ್ಮ ಪೈಸೆಯೇ ಅದು. ಅರಬ್ಬಿಯಲ್ಲಿ 'ಪ' ಇಲ್ಲದ್ದರಿಂದ 'ಬ' ಆಗಿದೆ. ಭಾರತದ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿದ ಕೊಲ್ಲಿ ರೂಪಾಯಿ ಒಮಾನಿನಲ್ಲಿ 1970ರವರೆಗೂ ಚಲಾವಣೆಯಲ್ಲಿತ್ತು.