ಟಿವಿಗೆ ಮೂರು ಸಾವಿರ, ಕಾರಿಗೆ ಮೂರು ಲಕ್ಷ!

ಬಸ್ಸು ತಡವಾದರೆ ಸ್ಟ್ಯಾಂಡಿನಲ್ಲಿ ಮಾತಿಗೊಂದು ವಿಷಯ ಬೇಕಲ್ಲ. "ಐಷಾರಾಮಿ ಸಾಮಾನಿಗೆ ಟ್ಯಾಕ್ಸ್ ಇಳಿಸಿದ್ದು ಸರೀನಾ?" ಅಂತ ಒಬ್ಬರು ಕೇಳಿದರೆ ಸಾಕು, ಬಸ್ಸು ಬಂದರೂ ಜಗಳ ಮುಗಿಯೋಲ್ಲ. ಜಗಳ ಇರಲಿ, ಲೆಕ್ಕ ನೋಡೋಣ.

2025ರ ಸೆಪ್ಟೆಂಬರ್ 3ರಂದು ದೆಹಲಿಯಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಶೇ. 28ರ ಹಂತಕ್ಕೆ ಹೆಚ್ಚುಕಡಿಮೆ ಎಳ್ಳುನೀರು ಬಿಟ್ಟಿತು. ಸೆ. 22ರಿಂದ ಏ.ಸಿ., 32 ಇಂಚು ಮೀರಿದ ಟಿವಿ, ಸಣ್ಣ ಕಾರು, 350 ಸಿಸಿವರೆಗಿನ ಬೈಕು ಎಲ್ಲಾ ಶೇ. 18ಕ್ಕೆ ಇಳಿದವು. ದೊಡ್ಡ ಕಾರಿಗೆ ಶೇ. 40. ಕೇಳಲಿಕ್ಕೆ ಭಾರಿ ಏರಿಕೆ! ಆದರೆ ಮೊದಲು ಅದಕ್ಕೆ ತೆರಿಗೆ 28, ಮೇಲೆ ಸೆಸ್ಸು 22ರವರೆಗೆ, ಒಟ್ಟು 50 ಇತ್ತು.

30 ಸಾವಿರ ಮೂಲಬೆಲೆಯ ಟಿವಿ 38,400 ಇದ್ದದ್ದು 35,400ಕ್ಕೆ ಬಂತು. ಉಳಿತಾಯ 3 ಸಾವಿರ. 30 ಲಕ್ಷದ ಕಾರಿನವನಿಗೆ? 3 ಲಕ್ಷ. 32 ಇಂಚಿನ ಟಿವಿ ಕೊಳ್ಳುವ ಬಡಪಾಯಿಗೆ ಸೊನ್ನೆ, ಅದು ಮೊದಲೇ 18ರಲ್ಲಿತ್ತು.

"ಸಾಹುಕಾರರಿಗೆ ಹಬ್ಬ" ಅಂತ ಸುಮ್ಮನಾಗಬೇಡಿ, ಗಮ್ಮತ್ತು ಇರೋದು ಮುಂದೆ. ಸೆಸ್ಸಿನ ಹಣ ಕೋವಿಡ್ ಕಾಲದಲ್ಲಿ ರಾಜ್ಯಗಳಿಗೆಂದು ಕೇಂದ್ರ ಎತ್ತಿದ ಸಾಲ ತೀರಿಸಲು ಹೋಗುತ್ತಿತ್ತು. ತೆರಿಗೆಯಲ್ಲಿ ಮಾತ್ರ ರಾಜ್ಯಕ್ಕೆ ಅರ್ಧ. ಹಾಗಾಗಿ ಆ ಕಾರಿನಿಂದ ರಾಜ್ಯಕ್ಕೆ 4.20 ಲಕ್ಷ ಬರುತ್ತಿದ್ದದ್ದು 6 ಲಕ್ಷವಾಯಿತು! ಟಿವಿಯಿಂದ ಬರುತ್ತಿದ್ದ 4,200 ಮಾತ್ರ 2,700ಕ್ಕೆ ಇಳಿಯಿತು. ಅಂದರೆ ಖಜಾನೆಗೆ ಖೋತಾ ಆಗೋದು ನಾವು ನೀವು ಕೊಳ್ಳುವ ಸಾಮಾನಿನಲ್ಲಿ. ವರ್ಷಕ್ಕೆ 15 ಸಾವಿರ ಕೋಟಿ ನಷ್ಟ ಎಂದು ಕರ್ನಾಟಕ ಸರ್ಕಾರ ಹೇಳಿತು. ಇಡೀ ದೇಶಕ್ಕೇ 48 ಸಾವಿರ ಕೋಟಿ, ವ್ಯಾಪಾರ ಹೆಚ್ಚಿ ತುಂಬಿಕೊಳ್ಳುತ್ತೆ ಎಂದಿತು ಕೇಂದ್ರ.

ಐಷಾರಾಮಿ ಯಾವುದು ಅನ್ನೋದೂ ತಮಾಷೆಯೇ. 2,500 ರೂಪಾಯಿ ಮೀರಿದ ರೆಡಿಮೇಡ್ ಬಟ್ಟೆಗೆ 12 ಇದ್ದದ್ದು 18ಕ್ಕೆ ಏರಿತು. ಏ.ಸಿ.ಗೂ ಅದೇ, ಮದುವೆ ಗಂಡಿನ ಕೋಟಿಗೂ ಅದೇ.

ಅಂಗಡಿಯವರ ಪಾಡು ಬೇರೆ. 28 ಕೊಟ್ಟು ತಂದಿಟ್ಟ ಮಾಲನ್ನು 18ಕ್ಕೇ ಮಾರಬೇಕು. ಹೆಚ್ಚಿಗೆ ಕಟ್ಟಿದ್ದು ಖಾತೆಯಲ್ಲಿ ಕ್ರೆಡಿಟ್ ಆಗಿ ಕೂರುತ್ತೆ, ನಗದು ವಾಪಸ್ಸಿಲ್ಲ. ಮುಂದಿನ ತೆರಿಗೆಗೆ ವಜಾ ಹಾಕಿಕೊಳ್ಳುತ್ತಾ ಹೋಗಬೇಕು. ದಿನವೂ ಮಾಲು ಖಾಲಿಯಾಗುವ ದೊಡ್ಡ ಷೋರೂಮಿಗೆ ಇದು ಲೆಕ್ಕಕ್ಕಿಲ್ಲ. ಸಾಲ ಮಾಡಿ ಆರು ಏ.ಸಿ. ತಂದಿಟ್ಟವನಿಗೆ ಬಡ್ಡಿ ಯಾರೂ ಇಳಿಸಲಿಲ್ಲ. ಕಾಂಪೋಸಿಷನ್ ಸ್ಕೀಮಿನವನಿಗಂತೂ ಆ ಕ್ರೆಡಿಟ್ಟೂ ಇಲ್ಲ. ಪಕ್ಕದಂಗಡಿಯ ರೇಟಿಗೆ ಇಳಿದು ಮಾರಿದರೆ ಹಳೇ ಮಾಲಿಗೆ ಹೆಚ್ಚಿಗೆ ಕಟ್ಟಿದ ತೆರಿಗೆ ಅವನ ಜೇಬಿನಿಂದಲೇ.